ಒಂಟೆ ನೀರು ಕುಡಿಯದೆ ಅಷ್ಟು ದಿನ ಹೇಗಿರುತ್ತೆ, ಡುಬ್ಬದಲ್ಲಿ ನೀರು ತುಂಬಿರುತ್ತಾ?

ಇಲ್ಲ, ಡುಬ್ಬದಲ್ಲಿರೋದು ಬರೀ ಕೊಬ್ಬು. ಮೇವು ಸಿಗದಿದ್ದಾಗ ಅದನ್ನೇ ಕರಗಿಸ್ಕೊಂಡು ಬದುಕುತ್ತೆ, ತುಂಬಾ ದಿನ ಉಪವಾಸ ಬಿದ್ರೆ ಡುಬ್ಬ ಸೊರಗಿ ಒಂದು ಪಕ್ಕಕ್ಕೆ ವಾಲೋದೂ ಉಂಟು. ನೀರಿನ ವಿಷಯಕ್ಕೆ ಬಂದ್ರೆ ಒಂಟೆ ಮಹಾ ಜಿಪುಣ.

ನಮಗೆ ಮೈ ಸ್ವಲ್ಪ ಬಿಸಿಯಾದ್ರೆ ಸಾಕು ಬೆವರೋಕೆ ಶುರು, ಆದ್ರೆ ನೀರು ಸಿಗದ ಒಂಟೆ ಮೈ ಟೆಂಪರೇಚರ್‌ನ ರಾತ್ರಿ 34 ಡಿಗ್ರಿ ಸೆಲ್ಸಿಯಸ್ ಹತ್ರ ಇಳಿಸ್ಕೊಂಡು ಹಗಲು 40ರವರೆಗೂ ಏರೋಕೆ ಬಿಡುತ್ತೆ, ಅಲ್ಲಿವರೆಗೆ ಹೆಚ್ಚುಕಮ್ಮಿ ಬೆವರೋದೇ ಇಲ್ಲ, ಹಗಲು ತುಂಬ್ಕೊಂಡ ಬಿಸಿನ ರಾತ್ರಿ ತಂಪು ಗಾಳಿಗೆ ಪುಕ್ಕಟೆ ಬಿಟ್ಟುಬಿಡುತ್ತೆ. ಮೂತ್ರನೂ ಕಮ್ಮಿ, ಲದ್ದಿ ಅಂತೂ ಎಷ್ಟು ಒಣಗಿರುತ್ತೆ ಅಂದ್ರೆ ಸೀದಾ ಬೆಂಕಿಗೆ ಹಾಕಬಹುದು.

ಇಷ್ಟಾದ್ರೂ ನೀರು ಖಾಲಿಯಾಗುತ್ತಲ್ಲ, ತೂಕದ ಕಾಲು ಭಾಗದಷ್ಟು ಕಳ್ಕೊಂಡ್ರೂ ತಡ್ಕೊಳ್ಳುತ್ತೆ, ಆಮೇಲೆ ನೀರು ಸಿಕ್ರೆ 10-15 ನಿಮಿಷದಲ್ಲಿ 100 ಲೀಟರ್ ಎಳೆದುಬಿಡುತ್ತೆ. ಹೀಗೆ ಒಂದೇ ಸಲಕ್ಕೆ ಕುಡಿದ್ರೆ ಬೇರೆ ಎಷ್ಟೋ ಪ್ರಾಣಿಗಳಲ್ಲಿ ರಕ್ತ ತೆಳುವಾಗಿ ಕೆಂಪು ರಕ್ತಕಣಗಳು ಊದಿ ಒಡೆಯೋ ಅಪಾಯ ಇದೆ, ಒಂಟೆಯ ಕಣಗಳು ಮೊಟ್ಟೆ ಆಕಾರದವು, ಎರಡು ಪಟ್ಟು ಊದಿಕೊಂಡ್ರೂ ಒಡೆಯಲ್ಲ.