ಮನೆಯಲ್ಲೇ ಹಾರರ್ ಕಿರುಚಿತ್ರ ಮಾಡೋಕೆ ಯಾವ ಕ್ಯಾಮೆರಾ ಬಾಡಿಗೆಗೆ ತರಬೇಕು?

ಕಾಲೇಜಿಗೆ ಹಾರರ್ ಕಿರುಚಿತ್ರ, ಕೈಯಲ್ಲಿ ಮೂರು ರಾತ್ರಿ, ಮನೆಯವರೇ ನಟರು, ಕತ್ತಲಲ್ಲಿ ಚೆನ್ನಾಗಿ ತೆಗೆಯೋ ಕ್ಯಾಮೆರಾ ಯಾವುದು ಅಂತ ಕೇಳಿದ್ದೀರಿ. ಓದಿ ನಗು ಬಂತು. ಕೊನೇ ವರ್ಷದಲ್ಲಿದ್ದಾಗ ನಾನೂ ಇದನ್ನೇ ಕಂಡಕಂಡವರ ಹತ್ತಿರ ಕೇಳಿಕೊಂಡು ಓಡಾಡಿದ್ದೆ. ಕ್ಯಾಮೆರಾ ತಂದೆ, ಎರಡು ಲೆನ್ಸ್ ತಂದೆ. ನನ್ನ ಸಿನಿಮಾ ಕೆಡಿಸಿದ್ದು ಅಡುಗೆಮನೆಯ ಫ್ರಿಜ್ಜು.

ಕಥೆ ಸಣ್ಣದು. ಹುಡುಗಿಯೊಬ್ಬಳು ಮನೆಯಲ್ಲಿ ಒಬ್ಬಳೇ ಇದ್ದಾಳೆ. ಬೀಗ ಹಾಕಿದ ಕೋಣೆಯೊಳಗಿಂದ ಯಾರೋ 'ಅಕ್ಕಾ' ಅಂತಾರೆ. ಅವಳಿಗೆ ತಂಗಿಯೇ ಇಲ್ಲ. ಅಷ್ಟೇ. ಹುಡುಗಿಯ ಪಾತ್ರಕ್ಕೆ ನನ್ನ ತಂಗಿ, ಕ್ಯಾಮೆರಾ ಹಿಡಿಯೋಕೆ ಗೆಳೆಯ, ಮಿಕ್ಕ ಕೆಲಸವೆಲ್ಲ ನನ್ನದು. ರಾತ್ರಿ 11ಕ್ಕೆ ಶುರು ಮಾಡಿ ಮೂರೂವರೆವರೆಗೆ ಒಂದೇ ದೃಶ್ಯ, 7 ಶಾಟ್. ನಡುವೆ ಅಮ್ಮ ಎದ್ದು ಬಂದು "ನಿಮ್ಮ ದೆವ್ವ ಎಷ್ಟೊತ್ತಿಗೆ ಮಲಗುತ್ತೆ?" ಅಂತ ಕೇಳಿ ಹೋದರು.

ತಂಗಿ ಬಾಗಿಲಿಗೆ ಕಿವಿ ಹಚ್ಚಿ ನಿಲ್ಲಬೇಕು. 12 ಸೆಕೆಂಡ್ ಏನೂ ಆಗಲ್ಲ. ಅವಳ ಓಲೆ ಮರಕ್ಕೆ ತಾಗಿ ಸಣ್ಣಗೆ ಟಿಕ್ ಅನ್ನುತ್ತೆ, ಆಮೇಲೆ ಒಳಗಿಂದ ಪಿಸುದನಿ. ತೆಗೆಯುವಾಗ ನಮಗೇ ಮೈ ಜುಮ್ ಅಂದಿತ್ತು.

ಎಡಿಟಿಂಗ್‌ಗೆ ಕೂತಾಗ ಬಣ್ಣ ಬಯಲಾಯಿತು. ಫ್ಯಾನ್ ಆಫ್ ಮಾಡಿದ್ದೆವು, ಫ್ರಿಜ್ ನೆನಪೇ ಇರಲಿಲ್ಲ. ಅದು ಒಂದೇ ಸಮನೆ ಗುಂಯ್ ಅಂದಿದ್ದರೂ ನಡೀತಿತ್ತು, ಕೇಳೋರಿಗೆ ಸ್ವಲ್ಪ ಹೊತ್ತಿಗೆ ರೂಢಿಯಾಗಿಬಿಡುತ್ತೆ. ಆದರೆ ಫ್ರಿಜ್‌ನ ಕಂಪ್ರೆಸರ್ ಕೆಲವು ನಿಮಿಷ ಓಡುತ್ತೆ, ತಣ್ಣಗಾದ ಮೇಲೆ ನಿಲ್ಲುತ್ತೆ, ಮತ್ತೆ ಓಡುತ್ತೆ. ನಾಲ್ಕೂವರೆ ಗಂಟೆಯಲ್ಲಿ ತೆಗೆದ ಶಾಟ್‌ಗಳನ್ನು ಎರಡು ನಿಮಿಷಕ್ಕೆ ಜೋಡಿಸಿದರೆ ಏನಾಗುತ್ತೆ ಹೇಳಿ? ಮುಖ ತೋರಿಸಿದಾಗ ಗುಂಯ್, ಬಾಗಿಲು ತೋರಿಸಿದಾಗ ನಿಶ್ಶಬ್ದ, ಕೈ ತೋರಿಸಿದಾಗ ಮತ್ತೆ ಗುಂಯ್. ಇನ್ನೊಂದು ಎಡವಟ್ಟು ಅಂದರೆ ಕ್ಯಾಮೆರಾದ ಸೌಂಡ್ ಆಟೋ ಮೋಡ್‌ನಲ್ಲಿತ್ತು. ಆಟೋ ಇದ್ದಾಗ ಯಾರೂ ಮಾತಾಡದಿದ್ದರೆ ಕ್ಯಾಮೆರಾ ತಾನಾಗಿಯೇ ಕಿವಿ ದೊಡ್ಡದು ಮಾಡಿಕೊಳ್ಳುತ್ತೆ. ಅಂದರೆ ನನಗೆ ಎಲ್ಲಿ ಮೌನ ಬೇಕಿತ್ತೋ ಸರಿಯಾಗಿ ಅಲ್ಲೇ ಗುಂಯ್ ಏರುತ್ತಿತ್ತು, ಪಿಸುದನಿ ಬಂದ ಕೂಡಲೇ ಇಳಿಯುತ್ತಿತ್ತು. ಸಾಫ್ಟ್‌ವೇರ್ ಹಾಕಿ ತೆಗೆಯೋಕೆ ನೋಡಿದೆ. ಪಿಸುಮಾತು ಅಂದರೆ ಬರೀ ಉಸಿರಿನ ಸದ್ದು ಅಲ್ವಾ, ಗದ್ದಲದ ಜೊತೆ ಅದೂ ಹೋಯಿತು. ಉಳಿದಿದ್ದು ನೀರಿನೊಳಗಿಂದ ಮಾತಾಡಿದ ಹಾಗಿತ್ತು.

ಅವತ್ತು ಅದೇ ಜಾಗದಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಂಡು ನಿಂತು ಖಾಲಿ ಕೋಣೆಯ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಂಡಿದ್ದರೆ ತೇಪೆ ಹಾಕಬಹುದಿತ್ತು. ರೂಮ್ ಟೋನ್ ಅಂತಾರೆ ಅದಕ್ಕೆ. ಎರಡು ವಾರ ಬಿಟ್ಟು ಹಗಲಲ್ಲಿ ಹೋಗಿ ರೆಕಾರ್ಡ್ ಮಾಡಿದೆ, ಹೊಂದಲೇ ಇಲ್ಲ. ಕ್ಲಾಸಿನಲ್ಲಿ ತೋರಿಸಿದ ದಿನ ಹಿಂದಿನ ಬೆಂಚಿನಿಂದ ಯಾರೋ "ಮಗಾ, ದೆವ್ವ ಬಂದಾಗೆಲ್ಲ ಫ್ರಿಜ್ ಆನ್ ಆಗುತ್ತೆ ನೋಡು" ಅಂದ. ಅಲ್ಲಿಂದ ಮುಂದೆ ಅದು ಕಾಮಿಡಿ ಸಿನಿಮಾ.

ಹಾಗಾಗಿ ಕ್ಯಾಮೆರಾ ಪ್ರಶ್ನೆ ಬಿಟ್ಟುಬಿಡಿ. ಇರೋ ಫೋನೇ ಸಾಕು. ಶೂಟಿಂಗ್‌ಗೆ ಮುಂಚೆ ಒಂದು ರಾತ್ರಿ ಆ ಕೋಣೆಯಲ್ಲಿ ಕಣ್ಣು ಮುಚ್ಚಿ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಗಡಿಯಾರ, ಪಕ್ಕದ ಮನೆಯ ಮೋಟಾರು, ನಲ್ಲಿಯ ಹನಿ, ಕೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ. ಇನ್ನೊಂದು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ನಟರ ಹತ್ತಿರ ಫ್ರೇಮ್‌ಗೆ ಸಿಗದ ಹಾಗೆ ಇಟ್ಟು ಧ್ವನಿ ತೆಗೆಯಿರಿ. ಪ್ರತಿ ಶಾಟ್ ಶುರುವಿಗೆ ಒಂದು ಚಪ್ಪಾಳೆ ಹೊಡೆದರೆ ಆಮೇಲೆ ಚಿತ್ರಕ್ಕೂ ಸದ್ದಿಗೂ ಜೋಡಿ ಸಿಗುತ್ತೆ. ಬಾಗಿಲ ಕಿರ್ ಸದ್ದು, ಹೆಜ್ಜೆ ಸದ್ದು ಬೇರೆಯಾಗಿ ರೆಕಾರ್ಡ್ ಮಾಡಿ.

ಮೂರು ರಾತ್ರಿಯೂ ನಿದ್ದೆ ಕೆಡಬೇಡಿ. ಅಲ್ಲೇ ಸದ್ದು ತೆಗೆಯೋ ಅಗತ್ಯವಿಲ್ಲದ ಶಾಟ್‌ಗಳನ್ನು ಹಗಲಲ್ಲೇ ಕಿಟಕಿಗೆ ದಪ್ಪ ಕಂಬಳಿ ಕಟ್ಟಿ ಮುಗಿಸಿ. ಮೌನದ ದೃಶ್ಯ ಮಾತ್ರ ರಾತ್ರಿಗೆ ಇರಲಿ, ಹೊರಗಿನ ಗದ್ದಲ ಆಗಲೇ ಕಮ್ಮಿ. ನನ್ನ ತಂಗಿಯ ಮುಖ ಏಳನೇ ಶಾಟ್‌ನಲ್ಲಿ ಹೆದರಿದ ಹಾಗಿರಲಿಲ್ಲ, ತೂಕಡಿಸುತ್ತಿತ್ತು.

ಲೈಟಿನ ಬಗ್ಗೆ ಜಾಸ್ತಿ ಹೇಳಲ್ಲ. ಎಲ್ಲ ಆರಿಸಿಬಿಟ್ಟರೆ ಕ್ಯಾಮೆರಾ ಐಎಸ್‌ಒ, ಅಂದರೆ ಬೆಳಕಿಗೆ ತನ್ನ ಸೂಕ್ಷ್ಮತೆ, ಏರಿಸುತ್ತೆ, ಕಪ್ಪು ಜಾಗದಲ್ಲೆಲ್ಲ ಇರುವೆ ಹರಿದಾಡಿದ ಹಾಗೆ ಕಾಣುತ್ತೆ. ಬಾಗಿಲ ಸಂದಿಯ ಹಿಂದೆ ಒಂದು ಬಲ್ಬ್ ಇಡಿ, ಚಿತ್ರದ ಬೆಳಕು ತಾನಾಗಿ ಏರಿಳಿಯದ ಹಾಗೆ ಎಕ್ಸ್‌ಪೋಶರ್ ಲಾಕ್ ಮಾಡಿ. ಕರೆಂಟ್ 50 ಹರ್ಟ್ಸ್ ಇರೋ ಕಡೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ಟರೆ ಬಲ್ಬ್ ಮಿನುಗೋ ಕಾಟ ಸಾಮಾನ್ಯವಾಗಿ ಇರಲ್ಲ. ನೀಲಿ ಬೆಳಕಲ್ಲಿ ಕೆಂಪು ಬಣ್ಣ ಕಪ್ಪಾಗಿ ಕಾಣುತ್ತೆ, ರಕ್ತ ಸುರಿಯೋ ಆಸೆ ಇದ್ದರೆ ಮೊದಲೇ ಪರೀಕ್ಷೆ ಮಾಡಿ. ನನ್ನ ಕೇಳಿದರೆ ರಕ್ತವೇ ಬೇಡ.

ಇನ್ನೊಂದು ಮಾತು, ಶೂಟಿಂಗ್‌ಗೆ ಅಂತ ಫ್ರಿಜ್ ಆಫ್ ಮಾಡಿದಾಗ ಗೆಳೆಯನ ಬೈಕ್ ಕೀ ಅದರೊಳಗೆ ಇಡಿ. ಬೆಳಗಿನ ಜಾವ ಮನೆಗೆ ಹೊರಟವನು ಕೀ ಹುಡುಕಿಕೊಂಡು ಅಲ್ಲಿಗೇ ಬರಬೇಕು, ಆಗ ಸ್ವಿಚ್ ಹಾಕೋದು ಮರೆಯಲ್ಲ. ಎರಡನೇ ಸಿನಿಮಾದಲ್ಲಿ ನಾನು ಕೀ ಇಟ್ಟಿರಲಿಲ್ಲ, ಬೆಳಿಗ್ಗೆ ಅಮ್ಮ ಫ್ರಿಜ್ ಬಾಗಿಲು ತೆಗೆದರು.