ವಿಟಮಿನ್ ಕೊರತೆ ನೀಗಿದರೆ ನಿಮಿರುವಿಕೆ ಸರಿಹೋಗುತ್ತದೆಯೇ?

ಪ್ರಶ್ನೆ: ನನಗೆ 44 ವರ್ಷ. ಆರು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದೇನೆ. ಎಂಟು ತಿಂಗಳಿಂದ ನಿಮಿರುವಿಕೆ ಗಟ್ಟಿಯಾಗಿ ನಿಲ್ಲುತ್ತಿಲ್ಲ, ಬೆಳಗಿನ ಜಾವವೂ ಅಷ್ಟಕ್ಕಷ್ಟೇ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ 13, ಬಿ12 170 ಬಂದಿದೆ. ಇವೇ ಕಾರಣವೇ?

ಉತ್ತರ: ಡಿ 20 ನ್ಯಾನೊಗ್ರಾಂಗಿಂತ, ಬಿ12 200 ಪಿಕೊಗ್ರಾಂಗಿಂತ ಕೆಳಗಿದ್ದರೆ (ಒಂದು ಮಿಲಿಲೀಟರ್ ರಕ್ತಕ್ಕೆ) ಸಾಮಾನ್ಯವಾಗಿ ಕೊರತೆ ಎನ್ನುತ್ತೇವೆ. ನಿಮಗೆ ಎರಡೂ ಕೊರತೆ ಇವೆ, ತುಂಬಿಸಿಕೊಳ್ಳಲೇಬೇಕು. ಹಾಗೆಂದು ತಪ್ಪನ್ನೆಲ್ಲ ಅವುಗಳ ತಲೆಗೆ ಕಟ್ಟಬೇಡಿ.

ಮೊದಲು ಬಿ12. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕರುಳು ಇದನ್ನು ಹೀರಿಕೊಳ್ಳುವುದು ಕುಗ್ಗುತ್ತದೆ. ಕೊರತೆ ಹೆಚ್ಚಾದರೆ ನರಗಳ ಹೊದಿಕೆ ಹಾಳಾಗುತ್ತದೆ; ನಿಮಿರುವಿಕೆಗೆ ರಕ್ತದ ಹರಿವಿನಷ್ಟೇ ನರದ ಸೂಚನೆಯೂ ಬೇಕು. ಪಾದ ಜೋಮು ಹಿಡಿದರೆ, ಉರಿದರೆ 'ಶುಗರ್‌ದೇ ಇರಬೇಕು' ಎಂದು ಸುಮ್ಮನಾಗುವವರೇ ಹೆಚ್ಚು. ಹಾಗೆ ಮಾಡಬೇಡಿ. ದಿನಕ್ಕೆ 1000 ಮೈಕ್ರೊಗ್ರಾಂ ಮಾತ್ರೆ ಬಹುತೇಕರಿಗೆ ಸಾಕು, ನರದ ಲಕ್ಷಣ ಇದ್ದರೆ ಚುಚ್ಚುಮದ್ದು ಲೇಸು. ಬರೀ ಫೋಲಿಕ್ ಆಮ್ಲ ನುಂಗಿದರೆ ಬಿ12 ಕೊರತೆಯ ರಕ್ತಹೀನತೆ ಸುಧಾರಿಸಿದಂತೆ ಕಂಡು, ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಮೆಟ್‌ಫಾರ್ಮಿನ್ ಅನ್ನು ನೀವಾಗಿ ನಿಲ್ಲಿಸಬೇಡಿ.

ಡಿ ವಿಷಯ ಅಷ್ಟು ನೇರವಲ್ಲ. ಈ ತೊಂದರೆ ಇರುವವರಲ್ಲಿ ಡಿ ಕಡಿಮೆ ಕಾಣುವುದು ನಿಜ. ಆದರೆ ಬೊಜ್ಜು, ಮಧುಮೇಹ ಇರುವವರಲ್ಲೂ ಅದು ಕಡಿಮೆಯೇ. ಮಾತ್ರೆ ಕೊಟ್ಟು ನೋಡಿದ ಬಹುಪಾಲು ಪ್ರಯೋಗಗಳಲ್ಲಿ ಟೆಸ್ಟೊಸ್ಟೆರಾನ್ (ಗಂಡಸರ ಲೈಂಗಿಕ ಹಾರ್ಮೋನು) ಏರಲಿಲ್ಲ. ಮೂಳೆಗಾಗಿ ತೆಗೆದುಕೊಳ್ಳಿ, ಆದರೆ ವಾರಕ್ಕೊಮ್ಮೆಯ ಡೋಸನ್ನು ತಪ್ಪಾಗಿ ದಿನಾ ನುಂಗಿದರೆ ಕ್ಯಾಲ್ಸಿಯಂ ಏರಿ ವಾಂತಿ, ಮೂತ್ರಪಿಂಡಕ್ಕೆ ಪೆಟ್ಟು. 'ಗಂಡಸುತನಕ್ಕೆ' ಎಂದು ಮಾರುವ ವಿಟಮಿನ್ ಇ ಕೂಡ ಬೇಡ: ದಿನಕ್ಕೆ 400 ಯೂನಿಟ್ ಕೊಟ್ಟ ದೊಡ್ಡ ಪ್ರಯೋಗವೊಂದರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17% ಹೆಚ್ಚು ಕಂಡಿತು.

ಟೆಸ್ಟೊಸ್ಟೆರಾನ್ ಪರೀಕ್ಷೆ ಬೆಳಗ್ಗೆ 10ರೊಳಗೆ, ಬರಿಹೊಟ್ಟೆಯಲ್ಲಿ ಆಗಲಿ. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ. ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದರೆ ಮೂರು ದಿನ ಮೊದಲೇ ಬಿಡಿ, ಫಲಿತಾಂಶ ಏರುಪೇರಾಗಬಹುದು.

ನಿಮ್ಮ ವಿಷಯದಲ್ಲಿ ನನ್ನ ಗುಮಾನಿ ಹೆಚ್ಚಾಗಿ ರಕ್ತನಾಳಗಳ ಮೇಲೆ. ಶಿಶ್ನದ ರಕ್ತನಾಳ ಹೃದಯದ್ದಕ್ಕಿಂತ ಸಪೂರ, ಹಾಗಾಗಿ ಕೊಬ್ಬು ಕಟ್ಟಿದ್ದು ಅಲ್ಲೇ ಮೊದಲು ಗೊತ್ತಾಗುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟ್ರಾಲ್ ನೋಡಿಸಿ. ನಿಮಿರುವಿಕೆಯ ಮಾತ್ರೆಯನ್ನು ವೈದ್ಯರು ಬರೆಯುವ ಮುನ್ನ ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುತ್ತಿದ್ದರೆ ಹೇಳಿಬಿಡಿ. ಎರಡೂ ಸೇರಿದರೆ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುತ್ತದೆ.