ಇಲಿಯ ಮೈಯೊಳಗೆ ಒಂದೇ ಒಂದು ಟಿ ಕೋಶದ ಬೆನ್ನು ಹತ್ತಲು ಆಗುತ್ತದೆಯೇ?

ಆಗುತ್ತದೆ. ಆದರೆ ನೀವು ಹೇಳಿದ ಆ ಹೊಳೆಯುವ ಇಲಿಯ ಫೋಟೋದಲ್ಲಿ ಅಲ್ಲ.

ಕುಮಟಾದಿಂದ ಬರೆದಿದ್ದೀರಿ, ಅಣ್ಣನಿಗೆ ಅಸ್ಥಿಮಜ್ಜೆ ಕಸಿ ಇದೆ ಎಂದಿದ್ದೀರಿ. ದಾನಿಯ ಟಿ ಕೋಶಗಳು (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ರೋಗಿಯ ಮೈಮೇಲೇ ತಿರುಗಿ ಬೀಳುವುದನ್ನು, ಅಂದರೆ ಡಾಕ್ಟರು ಹೇಳಿದ ಜಿವಿಎಚ್‌ಡಿಯನ್ನು, ಇಲಿಗಳಲ್ಲಿ ಹೇಗೆ ನೋಡುತ್ತಾರೆ ಎಂಬುದು ನಿಮ್ಮ ಪ್ರಶ್ನೆ. ನಾನು ಶಿರಸಿಯವನು, ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಇದೇ ಕೆಲಸ.

ಮಳೆ ಹಿಡಿಯುವ ಮುಂಚೆ ನಮ್ಮ ಅಡಿಕೆ ತೋಟಗಳಲ್ಲಿ ಮಿಂಚುಹುಳ ತುಂಬುತ್ತವಲ್ಲ, ಫೋಟೋದ ಬೆಳಕು ಅವುಗಳ ಬಳಗದ್ದೇ. ಲೂಸಿಫರೇಸ್ ಎಂಬ ಕಿಣ್ವ. (ಲ್ಯಾಬಿನಲ್ಲಿ ಬಳಸುವುದು ಅಮೆರಿಕದ ಹುಳದ್ದು, ಘಟ್ಟದ್ದಲ್ಲ!) ಆ ಜೀನ್ ಇರುವ ಇಲಿಯ ಟಿ ಕೋಶಗಳನ್ನು ತೆಗೆದು, ರೇಡಿಯೇಷನ್ ಕೊಟ್ಟ ಬೇರೆ ತಳಿಯ ಇಲಿಗೆ ಮಜ್ಜೆಯ ಜೊತೆ ಕೊಡುತ್ತೇವೆ. ನೋಡಬೇಕಾದಾಗ ಹೊಟ್ಟೆಗೆ ಲೂಸಿಫೆರಿನ್ (ಆ ಕಿಣ್ವ ತಾಗಿದಾಗ ಬೆಳಕು ಕೊಡುವ ವಸ್ತು) ಚುಚ್ಚಿ, ಹತ್ತು ನಿಮಿಷ ಕಾದು, ಅರಿವಳಿಕೆಯಲ್ಲಿರುವ ಇಲಿಯನ್ನು ಕತ್ತಲೆ ಪೆಟ್ಟಿಗೆಯಲ್ಲಿ ಮಲಗಿಸುತ್ತೇವೆ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ, ತಂಪು ಮಾಡಿದ ಕ್ಯಾಮೆರಾಗೆ ಮಾತ್ರ ಸಿಗುತ್ತದೆ. ಕಪ್ಪು ಕೂದಲು ಬೆಳಕು ನುಂಗುವುದರಿಂದ ಕರಿ ಇಲಿಯಾದರೆ ಹೊಟ್ಟೆ ಬೋಳಿಸಬೇಕು. ಫೋಟೋದ ಕೆಂಪು, ನೀಲಿ ಎಲ್ಲ ಕಂಪ್ಯೂಟರ್ ಬಳಿದ ಬಣ್ಣ.

ಇದರಲ್ಲಿ ಕಾಣುವುದು ಗುಂಪು ಮಾತ್ರ. ಅದೂ ಕಡಿಮೆಯೇನಲ್ಲ. 2005ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಹೀಗೆ ನೋಡಿದಾಗ, ಟಿ ಕೋಶಗಳು ನೇರ ಕರುಳಿಗೆ ನುಗ್ಗಿರಲಿಲ್ಲ. ಮೊದಲ ಎರಡು ಮೂರು ದಿನ ಗುಲ್ಮ (ಸ್ಪ್ಲೀನ್), ದುಗ್ಧರಸ ಗ್ರಂಥಿಗಳಲ್ಲಿ (ಲಿಂಫ್ ನೋಡ್) ಕೂತು ಸಂಖ್ಯೆ ಹೆಚ್ಚಿಸಿಕೊಂಡವು. ಕರುಳು, ಲಿವರ್, ಚರ್ಮದ ಸರದಿ ಆಮೇಲೆ.

ಒಂಟಿ ಕೋಶ ಬೇಕೆಂದರೆ ಟೂ-ಫೋಟಾನ್ ಮೈಕ್ರೋಸ್ಕೋಪ್ ಇದೆ. ಬದುಕಿರುವ ಇಲಿಯ ದುಗ್ಧರಸ ಗ್ರಂಥಿಯಲ್ಲಿ, ಹಸಿರಾಗಿ ಹೊಳೆಯುವಂತೆ ಗುರುತು ಹಾಕಿದ ಟಿ ಕೋಶ ನಿಮಿಷಕ್ಕೆ ಹೆಚ್ಚುಕಡಿಮೆ ತನ್ನ ಮೈಯಷ್ಟು ದೂರ ಸರಿಯುವುದನ್ನು ನೋಡಬಹುದು. ಚೆನ್ನಾಗಿರುತ್ತದೆ, ಆದರೆ ಸ್ವಲ್ಪ ಹೊತ್ತಿಗೇ ಅದು ಚೌಕಟ್ಟು ದಾಟಿ ಹೋಗಿಬಿಡುತ್ತದೆ.

ನನಗೆ ಜಾಸ್ತಿ ನಂಬಿಕೆ ರಿಸೆಪ್ಟರ್, ಅಂದರೆ ಟಿ ಕೋಶ ತನ್ನ ಗುರಿಯನ್ನು ಗುರುತು ಹಿಡಿಯುವ ಪ್ರೋಟೀನ್, ಅದರ ಜೀನ್ ಓದುವುದರ ಮೇಲೆ. ಒಂದು ಟಿ ಕೋಶದ ರಿಸೆಪ್ಟರ್ ಸಾಮಾನ್ಯವಾಗಿ ಇನ್ನೊಂದರಂತೆ ಇರುವುದಿಲ್ಲ, ಆದರೆ ಅದು ಒಡೆದು ಹುಟ್ಟಿದ ಮರಿಗಳಿಗೆಲ್ಲ ಅದೇ. ಗುಲ್ಮದಲ್ಲೂ ಕರುಳಲ್ಲೂ ಒಂದೇ ರಿಸೆಪ್ಟರ್ ಸಿಕ್ಕಿದರೆ ಅವು ಒಂದೇ ಮನೆತನ ಅಂತ ಲೆಕ್ಕ. ಇದಕ್ಕೆ ಇಲಿಯನ್ನು ಕೊಲ್ಲಬೇಕು, ಅದೇ ತೊಡಕು. ಆದರೆ ಹೊಸ ಜೀನ್ ಸೇರಿಸುವುದು ಬೇಡ, ಹಾಗಾಗಿ ಮನುಷ್ಯರ ರಕ್ತದಲ್ಲೂ ಬಯಾಪ್ಸಿ ತುಣುಕಿನಲ್ಲೂ ಮಾಡಬಹುದು.

ಅಣ್ಣನಿಗೂ ಹೊಳೆಯುವ ಕೋಶ ಹಾಕುತ್ತಾರಾ ಅಂತ ಕೇಳಿದ್ದೀರಿ. ಇಲ್ಲ. ಆದರೆ ಕಸಿಯಾದ 3 ಮತ್ತು 4ನೇ ದಿನ ಜಿವಿಎಚ್‌ಡಿ ತಡೆಯಲು ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಮದ್ದು ಬರೆದಿದ್ದರೆ ಗಾಬರಿಯಾಗಬೇಡಿ. ಆ ಪದ್ಧತಿಯ ಬೇರು ಇಲಿಗಳ ಕೆಲಸದಲ್ಲೇ ಇದೆ.